ಕಕ್ಷೆಯ ಕಿಟಕಿಯಿಂದ ತೆಗೆದ ಪಟ: ಹುಡುಕುವ, ಓದುವ, ಗೋಡೆಗೇರಿಸುವ ಬಗೆ

ಬಿಡುವಿದ್ದಾಗ ಶಾಲೆಗಳಿಗೆ, ಊರ ಗ್ರಂಥಾಲಯಗಳಿಗೆ ಬಾಹ್ಯಾಕಾಶದ ಪಟಗಳ ಪುಟ್ಟ ಪ್ರದರ್ಶನ ಕಟ್ಟಿಕೊಡುವುದು ನನ್ನ ಹವ್ಯಾಸ. ಮೊದಲ ಸಲ ನಲವತ್ತು ಪಟ ತೂಗುಹಾಕಿದ್ದೆ. ಮಕ್ಕಳು ಬೆರಗಾಗಿ ನೋಡಿದರು, ಐದು ನಿಮಿಷದಲ್ಲಿ ಆಚೆ ಬಾಗಿಲಿನಿಂದ ಹೊರಗೆ ಹೋದರು. ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಹಿಂದೆ ಉಳಿದು ಕೇಳಿದಳು: ‘ಸರ್, ಇದನ್ನು ತೆಗೆದವರು ಆಗ ಎಲ್ಲಿದ್ದರು? ಯಾವ ಕಡೆಗೆ ಮುಖ ಮಾಡಿದ್ದರು?’ ನನ್ನ ಬಳಿ ಉತ್ತರವಿರಲಿಲ್ಲ. ಪಟದ ಕೆಳಗೆ ‘ಬಾಹ್ಯಾಕಾಶದಿಂದ ಭೂಮಿ’ ಎಂದಷ್ಟೇ ಬರೆದಿದ್ದೆ.

ಅಂದಿನಿಂದ ಆರು ಪಟಕ್ಕಿಂತ ಹೆಚ್ಚು ಹಾಕಿಲ್ಲ. ಆದರೆ ಪ್ರತಿಯೊಂದರ ಬಗ್ಗೆಯೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಕಕ್ಷೆಯಿಂದ ಬಂದ ಪಟ ಆಕಾಶದಿಂದ ತಾನಾಗಿ ಉದುರಿದ್ದಲ್ಲ. ಒಬ್ಬ ಮನುಷ್ಯ ಕಿಟಕಿಯ ಬಳಿ ತೇಲುತ್ತಾ, ಒಂದು ಲೆನ್ಸ್ ಆರಿಸಿ, ಒಂದು ಗಳಿಗೆ ನೋಡಿ ಒತ್ತಿದ ಗುಂಡಿಯ ಫಲ ಅದು. ಆ ಗಳಿಗೆಯ ದಾಖಲೆ ಪಟದ ಜೊತೆಗೇ ಇರುತ್ತದೆ. ಅದನ್ನು ಹುಡುಕಿ ಓದುವುದು ಹೇಗೆ, ಕೊನೆಗೆ ಒಳ್ಳೆಯ ಕಾಗದದ ಮೇಲೆ ಇಳಿಸುವುದು ಹೇಗೆ ಎಂಬುದನ್ನು ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲು: ಇದು ಮನುಷ್ಯ ತೆಗೆದ ಪಟವೇ?

ಮೊಬೈಲಿಗೆ ಬರುವ ಚಿತ್ರಗಳಲ್ಲಿ ಮೂರು ಬಗೆಯವು ಕಲಸಿಕೊಂಡಿರುತ್ತವೆ. ಗಗನಯಾತ್ರಿ ಕ್ಯಾಮೆರಾದಲ್ಲಿ ತೆಗೆದದ್ದು ಒಂದು. ಉಪಗ್ರಹ ಗೆರೆ ಗೆರೆಯಾಗಿ ಸ್ಕ್ಯಾನ್ ಮಾಡಿದ್ದನ್ನು ಹೊಲಿದು ಕಟ್ಟಿದ್ದು ಇನ್ನೊಂದು. ಕಂಪ್ಯೂಟರಿನಲ್ಲಿ ಬರೆದದ್ದು ಮೂರನೆಯದು. ಉಪಗ್ರಹದ ಚಿತ್ರ ಕೀಳಲ್ಲ, ನಕ್ಷೆಗೆ ಅದೇ ಬೇಕು. ಆದರೆ ಅದನ್ನು ‘ಗಗನಯಾತ್ರಿ ಕಂಡ ನೋಟ’ ಎಂದು ಹಾಕಿದರೆ ಸುಳ್ಳಾಗುತ್ತದೆ.

ನಮ್ಮಲ್ಲಿ ಪ್ರತಿ ವರ್ಷ ಹಬ್ಬದ ಜೊತೆಗೇ ಬರುವ ಉದಾಹರಣೆ ಇದೆ. ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಭಾರತ ಹೀಗೆ ಕಂಡಿತು ಎಂದು ಬಿಳಿ, ನೀಲಿ, ಹಸಿರು, ಕೆಂಪು ಚುಕ್ಕೆಗಳ ನಕ್ಷೆಯೊಂದು ಹರಿದಾಡುತ್ತದೆ. ಅದು ಒಂದು ರಾತ್ರಿಯ ಪಟವೇ ಅಲ್ಲ. ಅಮೆರಿಕದ ಹವಾಮಾನ ಉಪಗ್ರಹಗಳ ಹಲವು ವರ್ಷಗಳ ಮಾಹಿತಿಯನ್ನು ಒಂದರ ಮೇಲೊಂದು ಇಟ್ಟು, ಊರುಗಳ ದೀಪ ಕಾಲಕಾಲಕ್ಕೆ ಹೇಗೆ ಹೆಚ್ಚಿತು ಎಂದು ತೋರಿಸಲು ವಿಜ್ಞಾನಿಗಳು ಬಣ್ಣ ಕೊಟ್ಟ ನಕ್ಷೆ ಅದು. 2012ರ ನವೆಂಬರಿನಲ್ಲಿ ನಾಸಾ ಹಬ್ಬದ ಹೊತ್ತಿನ ನಿಜವಾದ ಉಪಗ್ರಹ ಚಿತ್ರವನ್ನು ಪ್ರಕಟಿಸಿತು. ಹಣತೆ ಪಟಾಕಿಗಳಿಂದ ಹೆಚ್ಚುವ ಬೆಳಕು ಅಷ್ಟು ಎತ್ತರದಿಂದ ಗುರುತಿಸಲಾಗದಷ್ಟು ಸಣ್ಣದು ಎಂದು ಆಗಲೇ ತಿಳಿಸಿತ್ತು.

ಗುರುತಿಸಲು ಸುಲಭದ ಉಪಾಯವಿದೆ. ಪಟಕ್ಕೊಂದು ಸಂಖ್ಯೆ ಇದೆಯೇ ನೋಡಿ. ಗಗನಯಾತ್ರಿಗಳ ಪ್ರತಿ ಪಟಕ್ಕೂ ಮನೆಯ ನಂಬರಿನಂತೆ ಒಂದು ಗುರುತು ಇರುತ್ತದೆ. ಉದಾಹರಣೆಗೆ ‘ಎಎಸ್17-148-22727’. ಚಂದ್ರನಿಗೆ ಹೋದ ಅಪೋಲೋ 17ರ ಯಾತ್ರೆ, 148ನೆಯ ಫಿಲ್ಮ್ ಮ್ಯಾಗಜೀನು (ಫಿಲ್ಮ್ ಸುರುಳಿಯ ಡಬ್ಬಿ), 22727ನೆಯ ಚೌಕಟ್ಟು ಎಂದು ಅದರ ಅರ್ಥ. ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪಟಗಳು ‘ಐಎಸ್‌ಎಸ್’ ಅಕ್ಷರಗಳಿಂದ ಶುರುವಾಗುತ್ತವೆ. ಮುಂದೆ ತಂಡದ ಸಂಖ್ಯೆ, ಡಿಜಿಟಲ್ ಕ್ಯಾಮೆರಾದ್ದಾದರೆ ‘ಇ’ ಅಕ್ಷರ, ಕೊನೆಗೆ ಚೌಕಟ್ಟಿನ ಸಂಖ್ಯೆ. ಸಂಖ್ಯೆ ಸಿಗದ ಪಟವನ್ನು, ಎಷ್ಟೇ ಚೆನ್ನಾಗಿರಲಿ, ನಾನು ಗೋಡೆಗೆ ಹಾಕುವುದಿಲ್ಲ.

ಹುಡುಕುವುದು

ಹೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರ ‘ಗೇಟ್‌ವೇ ಟು ಆಸ್ಟ್ರೊನಾಟ್ ಫೋಟೋಗ್ರಫಿ ಆಫ್ ಅರ್ತ್’ ಎಂಬ ಭಂಡಾರವನ್ನು ನಡೆಸುತ್ತದೆ. ಈ ಹೆಸರನ್ನೇ ಹುಡುಕು ಪೆಟ್ಟಿಗೆಯಲ್ಲಿ ಬರೆದರೆ ಸಿಗುತ್ತದೆ. 1960ರ ದಶಕದ ಆರಂಭದಿಂದ ಇಲ್ಲಿಯವರೆಗೆ ಗಗನಯಾತ್ರಿಗಳು ತೆಗೆದ ಭೂಮಿಯ ಪಟಗಳು ಲಕ್ಷಗಟ್ಟಲೆ ಇವೆ. ನೋಡಲು, ಇಳಿಸಿಕೊಳ್ಳಲು ಹಣ ಕೊಡಬೇಕಿಲ್ಲ.

ಊರಿನ ಹೆಸರು ಬರೆದು ಹುಡುಕಬೇಡಿ. ‘ಹೊಸಪೇಟೆ’ ಎಂದು ಹಾಕಿದರೆ ಏನೂ ಸಿಗದೆ ಬೇಸರವಾಗುತ್ತದೆ. ಪಟಗಳಿಗೆ ಹೆಸರು ಕೊಟ್ಟವರು ದೇಶ, ದೊಡ್ಡ ನಗರ, ನದಿ ಎಂದಷ್ಟೇ ಕೊಟ್ಟಿರುತ್ತಾರೆ. ಅಕ್ಷಾಂಶ ರೇಖಾಂಶ ಕೊಟ್ಟು ಹುಡುಕಿ. ತುಂಗಭದ್ರಾ ಜಲಾಶಯಕ್ಕೆ ಉತ್ತರ 15.3, ಪೂರ್ವ 76.3 ಸಾಕು. ಲಿಂಗನಮಕ್ಕಿಗೆ 14.2 ಮತ್ತು 74.8. ಕನ್ನಂಬಾಡಿಗೆ 12.4 ಮತ್ತು 76.6. ನಿಮ್ಮ ಊರಿನದ್ದು ಮೊಬೈಲಿನ ನಕ್ಷೆಯಲ್ಲಿ ಬೆರಳೊತ್ತಿ ಹಿಡಿದರೆ ತೋರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಇದು ತಿಳಿಯದೆ ನಾನು ಎಷ್ಟೋ ಸಂಜೆಗಳನ್ನು ಕಳೆದೆ. ಪಟದ ಪುಟದಲ್ಲಿ ಎರಡು ಸ್ಥಳಗಳ ಲೆಕ್ಕ ಇರುತ್ತದೆ. ಪಟದ ನಡುವಿನಲ್ಲಿ ಕಾಣುವ ನೆಲ ಎಲ್ಲಿಯದು ಎಂಬುದು ಒಂದು. ಆ ಕ್ಷಣ ನಿಲ್ದಾಣದ ನೇರ ಕೆಳಗೆ ಇದ್ದ ನೆಲ ಯಾವುದು ಎಂಬುದು ಇನ್ನೊಂದು. ಇದನ್ನು ಅಲ್ಲಿ ‘ನೇಡರ್’ ಎನ್ನುತ್ತಾರೆ, ನಾವು ಅಧೋಬಿಂದು ಎನ್ನಬಹುದು. ಕ್ಯಾಮೆರಾ ಓರೆಯಾಗಿದ್ದರೆ ಎರಡರ ನಡುವೆ ನೂರಾರು ಕಿಲೋಮೀಟರ್ ಅಂತರ ಇರಬಹುದು. ಬಹಳಷ್ಟು ಪಟಗಳ ನಡುಬಿಂದುವನ್ನು ಇನ್ನೂ ಯಾರೂ ಗುರುತಿಸಿ ದಾಖಲಿಸಿಲ್ಲ, ಅಧೋಬಿಂದು ಮಾತ್ರ ಇರುತ್ತದೆ. ಹಾಗಾಗಿ ಎರಡೂ ಬಗೆಯಲ್ಲಿ ಹುಡುಕಿ. ನಿಲ್ದಾಣ ಗೋವಾದ ಆಚೆ ಕಡಲ ಮೇಲಿದ್ದಾಗ ಇಡೀ ಕೆನರಾ ಕರಾವಳಿಯನ್ನು ಓರೆಯಾಗಿ ಹಿಡಿದ ಪಟಗಳು ಹೀಗೆಯೇ ಸಿಗುವುದು.

ಮೋಡದ ಪ್ರಮಾಣ ಎಷ್ಟಿರಬೇಕೆಂದು ಸೋಸಲು ಅವಕಾಶವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ಮೇಲೆ ಮೋಡದ ಹೊದಿಕೆ ಇದ್ದೇ ಇರುತ್ತದೆ. ನಮ್ಮ ನಾಡಿನ ನೆಲ ತಿಳಿಯಾಗಿ ಕಾಣಬೇಕೆಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಪಟಗಳನ್ನೇ ನೋಡಿ.

ಗಗನಯಾತ್ರಿಗಳು ಕೆಲಸ ಮಾಡುತ್ತಿರುವ ಪಟಗಳು ಈ ಭಂಡಾರದಲ್ಲಿ ಕಡಿಮೆ. ಅವಕ್ಕೆ ನಾಸಾದ ಚಿತ್ರ ಮತ್ತು ವೀಡಿಯೊ ಗ್ರಂಥಾಲಯಕ್ಕೆ ಹೋಗಬೇಕು. ಅಮೆರಿಕದ ಅಪೋಲೋ ಚಂದ್ರಯಾತ್ರೆಗಳ ಫಿಲ್ಮುಗಳಿಗಾಗಿಯೇ ‘ಪ್ರಾಜೆಕ್ಟ್ ಅಪೋಲೋ ಆರ್ಕೈವ್’ ಇದೆ. 2015ರಲ್ಲಿ ಅದು ಸಾವಿರಾರು ಚೌಕಟ್ಟುಗಳನ್ನು ದೊಡ್ಡ ಗಾತ್ರದಲ್ಲಿ ತೆರೆದಿಟ್ಟಿತು. ಕೈನಡುಗಿ ಮಸುಕಾದವು, ಅರ್ಧ ಕತ್ತಲಾದವು, ಎಲ್ಲವೂ ಅಲ್ಲಿವೆ. ನನಗೆ ಆ ಸೋತ ಪಟಗಳೂ ಬಹಳ ಪ್ರಿಯ. ಒಂದು ಒಳ್ಳೆಯ ಪಟದ ಹಿಂದೆ ಮುಂದೆ ಏನು ನಡೆಯಿತು ಎಂದು ಅವೇ ಹೇಳುತ್ತವೆ.

ದಾಖಲೆಯನ್ನು ಓದುವುದು

ಒಂದು ಪಟ ಆರಿಸಿದಿರಿ ಎನ್ನೋಣ. ಇನ್ನು ಕಾಗದ ಪೆನ್ಸಿಲ್ ತೆಗೆದುಕೊಂಡು ಕೂರಿ.

ಸಮಯ ಗ್ರೀನ್‌ವಿಚ್ ಲೆಕ್ಕದಲ್ಲಿರುತ್ತದೆ. ಐದೂವರೆ ಗಂಟೆ ಕೂಡಿಸಿ. 11:50 ಎಂದಿದ್ದರೆ ನಮ್ಮಲ್ಲಿ ಆಗ ಸಂಜೆ 5:20. ಶಾಲೆಯ ಗಂಟೆ ಹೊಡೆದು ಮಕ್ಕಳು ಮನೆ ಸೇರಿರುವ ಹೊತ್ತು. ಅಡಿಬರಹದಲ್ಲಿ ನಮ್ಮ ಸಮಯವನ್ನೇ ಬರೆಯಿರಿ.

ಮುಂದಿನದು ಲೆನ್ಸಿನ ಫೋಕಲ್ ಲೆಂತ್, ಮಿಲಿಮೀಟರಿನಲ್ಲಿ ಇರುತ್ತದೆ; ಅದು ಹೆಚ್ಚಿದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತರುತ್ತದೆ. ಪಟದಲ್ಲಿ ಎಷ್ಟು ಅಗಲದ ನೆಲ ಸಿಕ್ಕಿದೆ ಎಂದು ಇದರಿಂದ ನೀವೇ ಲೆಕ್ಕ ಹಾಕಬಹುದು. ನಿಲ್ದಾಣದ ಎತ್ತರ ಸುಮಾರು 400 ಕಿಲೋಮೀಟರ್. ಅಲ್ಲಿ ಬಳಸುವ ನಿಕಾನ್ ಡಿ5, ಜ಼ೆಡ್9ನಂಥ ಕ್ಯಾಮೆರಾಗಳ ಸಂವೇದಕದ (ಒಳಗೆ ಬೆಳಕನ್ನು ಹಿಡಿಯುವ ಫಲಕದ) ಅಗಲ 36 ಮಿಲಿಮೀಟರ್. ಎತ್ತರವನ್ನು 36ರಿಂದ ಗುಣಿಸಿ, ಫೋಕಲ್ ಲೆಂತಿನಿಂದ ಭಾಗಿಸಿ. 400 ಮಿಲಿಮೀಟರ್ ಲೆನ್ಸಾದರೆ 36 ಕಿಲೋಮೀಟರ್ ಬರುತ್ತದೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗಿನ ಬೆಂಗಳೂರು ಅದರೊಳಗೆ ಹಿಡಿಸುತ್ತದೆ. 800ರ ಲೆನ್ಸಾದರೆ 18 ಕಿಲೋಮೀಟರ್. 24ರ ಲೆನ್ಸಾದರೆ 600 ಕಿಲೋಮೀಟರ್: ಒಂದು ಅಂಚಿನಲ್ಲಿ ಮಂಗಳೂರಿನ ಕಡಲು, ಇನ್ನೊಂದು ಅಂಚಿನಲ್ಲಿ ಚೆನ್ನೈ ಕಡಲು. ಈ ಲೆಕ್ಕ ಕ್ಯಾಮೆರಾ ನೇರ ಕೆಳಗೆ ನೋಡುತ್ತಿದ್ದಾಗ ಮಾತ್ರ ಸರಿ. ಓರೆಯಾದಷ್ಟೂ ನೆಲ ಹೆಚ್ಚು ಸಿಗುತ್ತದೆ, ದೂರದ ಅಂಚು ಕುಗ್ಗುತ್ತದೆ. ಕ್ಯಾಮೆರಾ ನೇರವಾಗಿತ್ತೇ, ಓರೆಯಾಗಿತ್ತೇ ಎಂಬುದೂ ಆ ಪುಟದಲ್ಲಿ ಇರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಸಮರೂಪ ತ್ರಿಭುಜ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನಾನು ಕಂಡಿಲ್ಲ.

ಆ ಪಟ ಎಷ್ಟು ಕಷ್ಟದ್ದು ಎಂಬುದಕ್ಕೂ ಒಂದು ಲೆಕ್ಕವಿದೆ. ನಿಲ್ದಾಣದ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಕೆಳಗಿನ ನೆಲ ಸೆಕೆಂಡಿಗೆ ಏಳು ಕಿಲೋಮೀಟರಿಗಿಂತ ಹೆಚ್ಚು ಸರಿಯುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ನೇರ ರೇಖೆಯಲ್ಲಿ 300 ಕಿಲೋಮೀಟರ್, ದಾಟಲು ಬೇಕಾಗುವುದು ನಲವತ್ತೇ ಸೆಕೆಂಡು. ಬಸ್ಸಿನಲ್ಲಿ ನಾವು ರಾತ್ರಿಯಿಡೀ ಘಟ್ಟ ಹತ್ತುವ ದಾರಿ ಅದು. ಸಾವಿರದಲ್ಲೊಂದು ಸೆಕೆಂಡು ಶಟರ್ ತೆರೆದರೂ ನೆಲ ಏಳು ಮೀಟರ್ ಸರಿದಿರುತ್ತದೆ. ಉದ್ದದ ಲೆನ್ಸ್ ಹಿಡಿದವರು ಊರನ್ನು ಕಣ್ಣಲ್ಲಿ ಹಿಡಿದು, ಅದು ಸರಿದಂತೆ ಕ್ಯಾಮೆರಾವನ್ನೂ ಅದೇ ಹದದಲ್ಲಿ ತಿರುಗಿಸುತ್ತಾ ಕ್ಲಿಕ್ಕಿಸಬೇಕು. ಓಡುವ ರೈಲಿನಿಂದ ಹತ್ತಿರದ ಮರವನ್ನು ಮಸುಕಾಗದಂತೆ ತೆಗೆದವರಿಗೆ ಈ ಕೈಚಳಕ ಗೊತ್ತು.

ಯಾವ ಕಿಟಕಿ ಎಂಬುದು ಎಷ್ಟೋ ಸಲ ಪಟದಲ್ಲೇ ತಿಳಿಯುತ್ತದೆ. 2010ರ ಫೆಬ್ರುವರಿಯಲ್ಲಿ ಜೋಡಿಸಿದ ‘ಕ್ಯುಪೋಲಾ’ ಎಂಬ ಗುಮ್ಮಟಕ್ಕೆ ಏಳು ಕಿಟಕಿಗಳಿವೆ. ಸುತ್ತ ಆರು, ನಡುವೆ 80 ಸೆಂಟಿಮೀಟರ್ ವ್ಯಾಸದ ದುಂಡು ಕಿಟಕಿ. ಅಂಚಿನಲ್ಲಿ ಸೌರಫಲಕವೋ, ಯಂತ್ರತೋಳೋ, ನಿಂತ ವಾಹನದ ಮೂತಿಯೋ ಇಣುಕಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಡಿ. ನೋಡುವವರು ಎಲ್ಲಿದ್ದರು ಎಂಬುದರ ಸಾಕ್ಷಿ ಅದೇ.

ಉತ್ತರ ದಿಕ್ಕು ಕಂಡುಕೊಳ್ಳುವುದು

ತೇಲುವವರಿಗೆ ಮೇಲು ಕೆಳಗಿಲ್ಲ. ಅವರು ತೆಗೆದ ಪಟದಲ್ಲಿ ಉತ್ತರ ಯಾವ ಮೂಲೆಯಲ್ಲೂ ಇರಬಹುದು. ಪಟವನ್ನು ಹಾಗೇ ನೋಡಿ ‘ಇದು ಎಲ್ಲಿಯದೋ’ ಎಂದು ಕೈಬಿಡಬೇಡಿ, ಮೊದಲು ತಿರುಗಿಸಿ.

ಪುಟದಲ್ಲಿ ಸೂರ್ಯನ ದಿಗಂಶ, ಅಂದರೆ ಸೂರ್ಯ ಯಾವ ದಿಕ್ಕಿಗಿದ್ದ ಎಂಬ ಕೋನ ಇರುತ್ತದೆ. ಉತ್ತರಕ್ಕೆ 0, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270. ಪಟದಲ್ಲಿ ಬಿಡಿ ಮೋಡಗಳಿದ್ದರೆ ಅವುಗಳ ನೆರಳು ಯಾವ ಕಡೆ ಬಿದ್ದಿದೆ ನೋಡಿ. ದಿಗಂಶ 250 ಎಂದರೆ ಸೂರ್ಯ ಪಶ್ಚಿಮಕ್ಕಿದ್ದಾನೆ, ನೆರಳು ಬಿದ್ದ ಕಡೆ ಪೂರ್ವ. ಅದನ್ನು ಬಲಕ್ಕೆ ತಂದರೆ ಉತ್ತರ ಮೇಲಕ್ಕೆ ಬರುತ್ತದೆ.

ಗುಡ್ಡಗಾಡಿನ ಪಟಗಳಲ್ಲಿ ಇನ್ನೊಂದು ತೊಡಕು ಇದೆ. ಬೆಳಕು ಕೆಳಗಿನಿಂದ ಬಿದ್ದಂತಿದ್ದರೆ ನಮ್ಮ ಕಣ್ಣು ಮೋಸಹೋಗುತ್ತದೆ, ಬೆಟ್ಟ ಕಣಿವೆಯಂತೆಯೂ ಕಣಿವೆ ಬೆಟ್ಟದಂತೆಯೂ ತೋರುತ್ತದೆ. ಪಟವನ್ನು ತಲೆಕೆಳಗು ಮಾಡಿ, ಬೆಳಕು ಮೇಲಿನಿಂದ ಬರುವಂತೆ ಇಟ್ಟ ಕೂಡಲೇ ಬೆಟ್ಟ ಎದ್ದು ನಿಲ್ಲುತ್ತದೆ. ಗೋಡೆಗೆ ಹಾಕುವಾಗ ಉತ್ತರವನ್ನು ಮೇಲಿಡಬೇಕೇ, ಬೆಟ್ಟ ಬೆಟ್ಟವಾಗಿ ಕಾಣುವಂತೆ ಇಡಬೇಕೇ? ನಾನು ಎರಡನೆಯದನ್ನೇ ಆರಿಸಿಕೊಂಡು, ಉತ್ತರಕ್ಕೆ ಒಂದು ಬಾಣದ ಗುರುತು ಹಾಕುತ್ತೇನೆ.

ನಮ್ಮ ನಾಡನ್ನು ಗುರುತಿಸಲು ಹಾದಿ ಸುಲಭ. ಮೊದಲು ಕಡಲ ಅಂಚು, ಅದರ ಪಕ್ಕದಲ್ಲಿ ಕಡುಹಸಿರು ಪಟ್ಟಿಯಾಗಿ ಘಟ್ಟ, ಅದರಾಚೆ ಕಂದು ಬಣ್ಣದ ಬಯಲು. ಈ ಮೂರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಕರಾವಳಿಯಲ್ಲಿ ನದಿಗಳು ಕಡಲು ಸೇರುವ ಜಾಗಗಳನ್ನು ಉತ್ತರದಿಂದ ಎಣಿಸಿ: ಕಾರವಾರದ ಬಳಿ ಕಾಳಿ, ಹೊನ್ನಾವರದ ಬಳಿ ಶರಾವತಿ, ಮಂಗಳೂರಿನ ಬಳಿ ನೇತ್ರಾವತಿ. ಒಳನಾಡಿಗೆ ಜಲಾಶಯಗಳ ಆಕಾರವೇ ಕೈಮರ. ಲಿಂಗನಮಕ್ಕಿ ಕಣಿವೆ ಕಣಿವೆಗೂ ಬೆರಳು ಚಾಚಿದಂತೆ ಕಾಣುತ್ತದೆ, ನಡುವೆ ಮುಳುಗದೆ ಉಳಿದ ಗುಡ್ಡಗಳ ನಡುಗಡ್ಡೆಗಳು. ತುಂಗಭದ್ರೆಯ ನೀರು ಬಯಲಿನಲ್ಲಿ ಅಗಲವಾಗಿ ಹರಡಿರುತ್ತದೆ. ಬೇಸಿಗೆಯ ಕೊನೆಯ ಪಟವಾದರೆ ನೀರು ಇಳಿದು, ಸುತ್ತ ತಿಳಿಬಣ್ಣದ ಒಣ ಅಂಚು ಬಿಟ್ಟಿರುತ್ತದೆ.

ಕೆರೆಗಳನ್ನು ನೋಡಬೇಕೆಂದರೆ ಸೂರ್ಯನ ಬೆಳಕು ನೀರಿಗೆ ಬಡಿದು ನೇರ ಕ್ಯಾಮೆರಾಕ್ಕೆ ಮರಳಿದ ಪಟ ಬೇಕು. ಅಂಥ ಗಳಿಗೆಯಲ್ಲಿ ನೆಲವೆಲ್ಲ ಕಪ್ಪಾಗಿ, ನೀರಿದ್ದ ಕಡೆಯೆಲ್ಲ ಬೆಳ್ಳಿ ಹೊಳೆಯುತ್ತದೆ. ಕೋಲಾರ, ತುಮಕೂರು ಸೀಮೆಯ ಕೆರೆಗಳು ಒಂದಕ್ಕೊಂದು ಕೋಡಿ ಬಿದ್ದು ಸಾಲಾಗಿ ಇಳಿಯುವ ಕ್ರಮ ಇಂಥ ಬೆಳಕಿನಲ್ಲಿ ತೋರುವಷ್ಟು ಸ್ಪಷ್ಟವಾಗಿ ಬೇರೆ ಹೊತ್ತಿನಲ್ಲಿ ತೋರದು.

ಇಡೀ ದಕ್ಷಿಣ ಭಾರತವನ್ನು ಒಂದೇ ನೋಟದಲ್ಲಿ ಕೊಡಬೇಕೆನಿಸಿದರೆ 1966ರ ಸೆಪ್ಟೆಂಬರಿನ ಜೆಮಿನಿ 11 ಪಟವನ್ನು ಹುಡುಕಿ. ಅಮೆರಿಕದ ಗಗನಯಾತ್ರಿಗಳಾದ ಪೀಟ್ ಕಾನ್‌ರಾಡ್ ಮತ್ತು ರಿಚರ್ಡ್ ಗಾರ್ಡನ್ ಹೋದ ಯಾತ್ರೆ ಅದು. ಪರ್ಯಾಯ ದ್ವೀಪದ ತುದಿ, ಶ್ರೀಲಂಕಾ, ಎರಡೂ ಬದಿಯ ಕಡಲು ಒಂದೇ ಚೌಕಟ್ಟಿನಲ್ಲಿವೆ. ಭೂಪಟದಲ್ಲಿ ಕಂಡದ್ದು ಅಲ್ಲಿ ನಿಜವಾಗಿ ಇದೆಯಲ್ಲ ಎಂದು ಹಿರಿಯರೂ ನಿಂತು ನೋಡುವ ಪಟ.

ರಾತ್ರಿಯ ಪಟಗಳು

ಇವನ್ನು ಕಡಿಮೆ ಹಾಕಿ, ಆದರೆ ಒಂದಾದರೂ ಇರಲಿ. ಕತ್ತಲಲ್ಲಿ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು, ನೆಲವೋ ಓಡುತ್ತಿರುತ್ತದೆ. 2002–03ರಲ್ಲಿ ನಿಲ್ದಾಣದಲ್ಲಿದ್ದ ಗಗನಯಾತ್ರಿ ಡಾನ್ ಪೆಟಿಟ್ ಅಲ್ಲೇ ಬಿದ್ದಿದ್ದ ಬಿಡಿಭಾಗಗಳಿಗೆ ಕೈಡ್ರಿಲ್ ಜೋಡಿಸಿ, ನೆಲದ ಚಲನೆಗೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಸಲಕರಣೆ ಮಾಡಿಕೊಂಡರು. ನಗರಗಳ ಬೀದಿ ಬೀದಿ ಬಿಡಿಸಿ ಕಾಣುವ ಪಟಗಳು ಬಂದದ್ದು ಅದರಿಂದ.

ದೀಪದ ಬಣ್ಣ ಓದಿ. ಹಳದಿ ಕಿತ್ತಳೆ ಎಂದರೆ ಸೋಡಿಯಂ ದೀಪ, ಅಚ್ಚಬಿಳಿ ಎಂದರೆ ಎಲ್‌ಇಡಿ, ಹಸಿರುನೀಲಿ ಛಾಯೆ ಎಂದರೆ ಪಾದರಸದ ದೀಪ. ಭೂಮಿಯ ಅಂಚಿನ ಮೇಲೆ ತೆಳು ಹಸಿರು ಗೆರೆ ಕಂಡರೆ ಅದು ಕ್ಯಾಮೆರಾದ ದೋಷವಲ್ಲ. ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ಸೂಸುವ ಬೆಳಕು.

ಮೇಲಿನಿಂದ ನೋಡಿದರೆ ದೇಶಗಳ ಗಡಿ ಕಾಣುವುದಿಲ್ಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಹಗಲಿಗೆ ಅದು ಬಹುಮಟ್ಟಿಗೆ ನಿಜ. ಆದರೆ 2015ರ ಸೆಪ್ಟೆಂಬರಿನ ಒಂದು ರಾತ್ರಿ ನಿಲ್ದಾಣದಿಂದ ತೆಗೆದ ಪಟದಲ್ಲಿ ಭಾರತ–ಪಾಕಿಸ್ತಾನದ ಗಡಿ ಕಿತ್ತಳೆ ಬಣ್ಣದ ದಾರದಂತೆ ಅಂಕುಡೊಂಕಾಗಿ ಹರಿದಿದೆ. ಬೇಲಿಯುದ್ದಕ್ಕೂ ಹಾಕಿದ ಭದ್ರತಾ ದೀಪಗಳ ಸಾಲು ಅದು. ಊರುಗಳ ದೀಪ ಚದುರಿವೆ, ಇದೊಂದು ಮಾತ್ರ ಎಡೆಬಿಡದೆ ಸಾಗಿದೆ. ಈ ಪಟ ಹಾಕಿದಾಗ ನಾನು ಏನೂ ವಿವರಿಸುವುದಿಲ್ಲ. ಅದರ ಮುಂದೆ ಜನ ತಾವಾಗಿ ಮಾತಿಗೆ ತೊಡಗುತ್ತಾರೆ.

ಕೆಲಸದಲ್ಲಿರುವ ಗಗನಯಾತ್ರಿಯನ್ನು ನೋಡುವ ಬಗೆ

ಬಾಹ್ಯಾಕಾಶ ನಡಿಗೆಯ ಪಟದಲ್ಲಿ ಮುಖ ಕಾಣುವುದಿಲ್ಲ. ಶಿರಸ್ತ್ರಾಣದ ಹೊರಗಾಜಿಗೆ ತೆಳುವಾಗಿ ಚಿನ್ನದ ಲೇಪವಿರುತ್ತದೆ. ಹಾಗಾದರೆ ಯಾರೆಂದು ತಿಳಿಯುವುದು ಹೇಗೆ? ಕಾಲು ನೋಡಿ. ಅಮೆರಿಕದ ಉಡುಪಿನ ಮೇಲೆ ಕೆಂಪು ಪಟ್ಟಿ ಇದ್ದರೆ ಸಾಮಾನ್ಯವಾಗಿ ಅವರೇ ಆ ನಡಿಗೆಯ ಮೊದಲಿಗರು, ಪಟ್ಟಿಯಿಲ್ಲದ ಬಿಳಿಯುಡುಪು ಜೊತೆಗಾರರದ್ದು. ಚಂದ್ರನ ಮೇಲಿನ ಮೊದಲ ಪಟಗಳಲ್ಲಿ ಯಾರು ಯಾರೆಂದು ತಿಳಿಯದೆ ಗೊಂದಲವಾದ ಮೇಲೆ ಬಂದ ಪದ್ಧತಿ ಇದು. ಅಂದು ನಡೆದವರ ಹೆಸರು ದಾಖಲೆಯಲ್ಲಿರುತ್ತದೆ, ಪಟ್ಟಿಯ ಜೊತೆ ಹೊಂದಿಸಿ ಅಡಿಬರಹ ಬರೆಯಿರಿ.

ಆಮೇಲೆ ಎದೆಯ ಪೆಟ್ಟಿಗೆಯನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿ. ಗುಂಡಿಗಳ ಪಕ್ಕದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿವೆ. ಶಿರಸ್ತ್ರಾಣ ತೊಟ್ಟವರಿಗೆ ತಮ್ಮ ಎದೆ ತಮಗೆ ಕಾಣುವುದಿಲ್ಲ. ಮಣಿಕಟ್ಟಿಗೆ ಕಟ್ಟಿದ ಪುಟ್ಟ ಕನ್ನಡಿಯಲ್ಲಿ ನೋಡಿ ಓದಬೇಕು, ಅದಕ್ಕೆಂದೇ ಹಿಮ್ಮುಖವಾಗಿ ಬರೆದಿದ್ದಾರೆ. ಮಕ್ಕಳ ಕೈಗೆ ಒಂದು ಕನ್ನಡಿ ಕೊಟ್ಟು ಪಟದ ಮುಂದೆ ನಿಲ್ಲಿಸಿ, ಅವರೇ ಓದಿ ಹೇಳಲಿ. ಇನ್ನೊಂದು ಕೈಯ ಮೇಲೆ ಮಡಚು ಪುಸ್ತಕದಂತೆ ಇರುವುದು ಮಾಡಬೇಕಾದ ಕೆಲಸದ ಪಟ್ಟಿ. ಸೊಂಟದಿಂದ ಹೊರಟ ದಾರ, ಪ್ರತಿ ಸಲಕರಣೆಗೂ ಕಟ್ಟಿದ ಕೊಕ್ಕೆ ಎಣಿಸಿ. ಕೈಜಾರಿದ ಸ್ಪ್ಯಾನರ್ ಅಲ್ಲಿ ಕೆಳಗೆ ಬೀಳುವುದಿಲ್ಲ, ತಾನೇ ಒಂದು ಉಪಗ್ರಹವಾಗಿ ಸುತ್ತತೊಡಗುತ್ತದೆ.

ಗಾಜಿನ ಪ್ರತಿಬಿಂಬವನ್ನು ಬಿಡಬೇಡಿ. 1969ರ ಜುಲೈನಲ್ಲಿ ಚಂದ್ರನ ಮೇಲೆ ನಿಂತ ಬಜ಼್ ಆಲ್ಡ್ರಿನ್ ಪಟ, ‘ಎಎಸ್11-40-5903’, ಎಲ್ಲರೂ ಕಂಡದ್ದೇ. ಅವರ ಮುಖದ ಗಾಜಿನಲ್ಲಿ ಪುಟ್ಟದಾಗಿ ಬಿಳಿಯ ಆಕೃತಿಯೊಂದಿದೆ. ಅದು ಪಟ ತೆಗೆಯುತ್ತಿರುವ ನೀಲ್ ಆರ್ಮ್‌ಸ್ಟ್ರಾಂಗ್. ಹೆಚ್ಚು ಹೊತ್ತು ಕ್ಯಾಮೆರಾ ಅವರ ಕೈಯಲ್ಲೇ ಇದ್ದುದರಿಂದ ಚಂದ್ರನ ಮೇಲಿನ ಅವರ ಒಳ್ಳೆಯ ಪಟಗಳು ತೀರಾ ಕಡಿಮೆ. ಮೊದಲು ಹೆಜ್ಜೆ ಇಟ್ಟವರು ಜೊತೆಗಾರನ ಗಾಜಿನಲ್ಲಿ ಉಳಿದಿದ್ದಾರೆ. ಪಟದಲ್ಲಿ ಕಾಣುವ ‘+’ ಆಕಾರದ ಕೂಡುಗೆರೆಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಳತೆಗೆಂದು ಕ್ಯಾಮೆರಾದೊಳಗಿನ ಗಾಜಿನ ಫಲಕದ ಮೇಲೆ ಕೊರೆದ ಗುರುತುಗಳು ಅವು.

ನಿಲ್ದಾಣದ ಒಳಗಿನ ಪಟಗಳಲ್ಲಿ ನಮ್ಮವರಿಗೆ ಹತ್ತಿರವಾದದ್ದು ಶುಭಾಂಶು ಶುಕ್ಲಾ ಅವರ ಯಾತ್ರೆ. 2025ರ ಜೂನ್ 25ರಂದು ಆಕ್ಸಿಯಮ್-4ರಲ್ಲಿ ಹೊರಟು, ಮರುದಿನ ನಿಲ್ದಾಣ ಸೇರಿ, ಜುಲೈ 15ರಂದು ಮರಳಿದರು. ಅವರು ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದವು. ಕೆಲಸ ಮಾಡುವವರ ಪಾದ ನೋಡಿ: ಎರಡೂ ಕೈ ಬಿಡುವಾಗಿರಬೇಕೆಂದು ಬೆರಳುಗಳನ್ನು ಹಿಡಿಕಂಬಿಯ ಅಡಿಗೆ ಸಿಕ್ಕಿಸಿಕೊಂಡಿರುತ್ತಾರೆ. ಅವರಿಗಿಂತ ಮೊದಲು, 1984ರ ಏಪ್ರಿಲಿನಲ್ಲಿ, ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 7ರಲ್ಲಿದ್ದ ರಾಕೇಶ್ ಶರ್ಮಾ ಅವರಿಗೆ ಭಾರತದ ನೆಲದ ಪಟ ತೆಗೆಯುವುದೇ ಒಂದು ಮುಖ್ಯ ಕೆಲಸವಾಗಿತ್ತು. ‘ಸಾರೇ ಜಹಾಂ ಸೆ ಅಚ್ಛಾ’ ಎಲ್ಲರಿಗೂ ನೆನಪಿದೆ, ಆ ಪಟಗಳ ಕೆಲಸ ಬಹಳ ಜನಕ್ಕೆ ಗೊತ್ತಿಲ್ಲ. ಅಡಿಬರಹದಲ್ಲಿ ಒಂದು ಸಾಲು ಅದಕ್ಕೆ ಮೀಸಲಿಡಿ.

ಎರಡು ಪ್ರಸಿದ್ಧ ಪಟಗಳ ವಿಷಯ

ಪ್ರಸಿದ್ಧ ಪಟ ಹಾಕುವುದಾದರೆ ಮೂಲ ಚೌಕಟ್ಟನ್ನೂ ಜೊತೆಗೆ ಹಾಕಿ. 1968ರ ಡಿಸೆಂಬರ್ 24ರಂದು ಅಪೋಲೋ 8ರಿಂದ ಬಿಲ್ ಆ್ಯಂಡರ್ಸ್ ತೆಗೆದ ‘ಭೂಮಿಯ ಉದಯ’ದಲ್ಲಿ ಚಂದ್ರನ ನೆಲ ಕೆಳಗಿದೆ, ಭೂಮಿ ಮೇಲೇಳುತ್ತಿದೆ. ಅವರು ತೆಗೆದ ಹಾಗೆ ನೋಡಿದರೆ ಚಂದ್ರನ ನೆಲ ಬಲಬದಿಗೆ ಗೋಡೆಯಂತೆ ನಿಂತಿದೆ. ನಮ್ಮ ಕಣ್ಣಿಗೆ ಒಗ್ಗಲೆಂದು ತಿರುಗಿಸಿ ಅಚ್ಚುಹಾಕಿದರು.

1972ರ ಡಿಸೆಂಬರ್ 7ರ ಅಪೋಲೋ 17ರ ‘ನೀಲಿ ಗೋಲಿ’ ಕೂಡ ಹೀಗೆಯೇ, ಮೂಲದಲ್ಲಿ ದಕ್ಷಿಣ ಧ್ರುವ ಮೇಲಿದೆ. ಆಫ್ರಿಕಾ, ಅರೇಬಿಯಾ ನಡುವೆ ಇರುವುದರಿಂದ ನಮ್ಮದು ಅದರಲ್ಲಿಲ್ಲ ಎಂದೇ ನಾನೂ ಬಹಳ ಕಾಲ ತಿಳಿದಿದ್ದೆ. ಉತ್ತರ ಮೇಲಿರುವಂತೆ ಹಿಡಿದು ಮೇಲಿನ ಬಲ ಅಂಚನ್ನು ಹಿಗ್ಗಿಸಿ ನೋಡಿ. ದುಂಡಗೆ ಸುತ್ತಿದ ಮೋಡವೊಂದಿದೆ. ಎರಡು ದಿನ ಮೊದಲು ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿ ಅನಾಹುತ ಮಾಡಿದ ಚಂಡಮಾರುತ ಅದು. ನಾನು ಆ ಮೂಲೆಯನ್ನು ಬೇರೆಯಾಗಿ ದೊಡ್ಡದು ಮಾಡಿಸಿ ಪಕ್ಕದಲ್ಲಿ ಅಂಟಿಸುತ್ತೇನೆ. ಭೂಮಿಯ ಅತ್ಯಂತ ಹೆಸರಾದ ಪಟದ ಅಂಚಿನಲ್ಲಿ ನಮ್ಮ ನೆರೆಯವರ ಒಂದು ಕಷ್ಟದ ವಾರ ದಾಖಲಾಗಿದೆ.

ಕಾಗದಕ್ಕೆ ಇಳಿಸುವುದು

ಇಳಿಸಿಕೊಳ್ಳುವಾಗ ಅತಿ ದೊಡ್ಡ ಗಾತ್ರದ ಕಡತವನ್ನೇ ಆರಿಸಿ. ಅದು ಸಿದ್ಧವಿಲ್ಲದಿದ್ದರೆ ಕೋರಿಕೆ ಸಲ್ಲಿಸುವ ಗುಂಡಿ ಒತ್ತಿ ಕಾಯಿರಿ. 12×18 ಅಂಗುಲದ ಪಟಕ್ಕೆ ಇಂಚಿಗೆ 300 ಚುಕ್ಕೆಯಂತೆ 3600×5400 ಪಿಕ್ಸೆಲ್ ಬೇಕು. ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಪಟವಾಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ.

ಫ್ಲೆಕ್ಸ್ ಬೇಡ. ಅಗ್ಗವೆಂದು ಒಮ್ಮೆ ಮಾಡಿಸಿದೆ, ನಗರದ ಬೀದಿಗಳೆಲ್ಲ ಹಿಟ್ಟಾಗಿ ಕಲಸಿಹೋದವು. ಫೋಟೋ ಕಾಗದದ ಮೇಲೆ ಸಣ್ಣದಾಗಿಯಾದರೂ ಸರಿ, ಸ್ಪಷ್ಟವಾಗಿ ಬರಲಿ. ‘ಆಟೋ ಕರೆಕ್ಷನ್ ಹಾಕಬೇಡಿ’ ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಒಮ್ಮೆ ನಾನು ಹೇಳಲು ಮರೆತಿದ್ದೆ. ಪಟ ಕತ್ತಲಾಗಿದೆ ಎಂದು ಯಂತ್ರವೇ ಎಣಿಸಿ ಬೆಳಗಿಸಿತು, ಕಡುಕಪ್ಪಾಗಿರಬೇಕಾದ ಆಕಾಶ ಬೂದಿಬಣ್ಣಕ್ಕೆ ತಿರುಗಿತು. ಆ ಆಕಾಶದಲ್ಲಿ ನಕ್ಷತ್ರ ಯಾಕಿಲ್ಲ ಎಂದು ಕೇಳಿದವರಿಗೆ ಉತ್ತರ ಸರಳ: ಬಿಸಿಲಿನಲ್ಲಿ ಹೊಳೆಯುವ ಭೂಮಿಗೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರದ ಮಂದ ಬೆಳಕು ಸಾಲದು. ಲ್ಯಾಮಿನೇಷನ್ ಹೊಳಪಿಲ್ಲದ ಮ್ಯಾಟ್ ಆಗಿರಲಿ, ಇಲ್ಲದಿದ್ದರೆ ಪಟದಲ್ಲಿ ಕೊಠಡಿಯ ಟ್ಯೂಬ್‌ಲೈಟೇ ಕಾಣುತ್ತದೆ.

ನಾಸಾದ ಪಟಗಳನ್ನು ಶಾಲೆ, ಗ್ರಂಥಾಲಯಗಳಲ್ಲಿ ಬಳಸಲು ಸಾಮಾನ್ಯವಾಗಿ ಅನುಮತಿ ಬೇಕಿಲ್ಲ. ‘ಚಿತ್ರ: ನಾಸಾ’ ಎಂದು ಪಟದ ಸಂಖ್ಯೆಯೊಡನೆ ಬರೆಯಿರಿ. ಅವರ ಲಾಂಛನವನ್ನು ಅಂಟಿಸಬೇಡಿ. ಯುರೋಪ್, ರಷ್ಯಾ, ಇಸ್ರೋ ಪಟಗಳಿಗೆ ಅವರವರದೇ ನಿಯಮಗಳಿವೆ, ಆಯಾ ಪುಟದಲ್ಲಿ ಓದಿಕೊಳ್ಳಿ.

ಅಡಿಬರಹ ಕನ್ನಡದಲ್ಲಿ, ಆರು ಸಾಲು ಮೀರದಂತೆ. ಯಾರು ತೆಗೆದದ್ದು, ನಮ್ಮ ಸಮಯದಲ್ಲಿ ಯಾವಾಗ, ಆಗ ಯಾವ ನೆಲದ ಮೇಲಿದ್ದರು, ಯಾವ ದಿಕ್ಕಿಗೆ ನೋಡುತ್ತಿದ್ದರು, ಪಟದ ಅಗಲ ಎಷ್ಟು ಕಿಲೋಮೀಟರ್, ಎಲ್ಲಿಂದ ನೋಡಲು ತೊಡಗಬೇಕು. ತೆಗೆದವರ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ತಂಡದ ಹೆಸರು ಹಾಕಿ, ಊಹಿಸಿ ಬರೆಯಬೇಡಿ. ಪಟವನ್ನು ಹತ್ತು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ದೊಡ್ಡವರು ಬಾಗಿ ನೋಡಲಿ.

ಪ್ರದರ್ಶನದ ದಿನವನ್ನು ಗೊತ್ತುಮಾಡುವಾಗ

ನಾಸಾದ ‘ಸ್ಪಾಟ್ ದಿ ಸ್ಟೇಷನ್’ ಆ್ಯಪ್‌ನಲ್ಲಿ ನಿಮ್ಮ ಊರು ಹಾಕಿ, ಸಂಜೆ ನಿಲ್ದಾಣ ತಲೆಯ ಮೇಲೆ ಎತ್ತರವಾಗಿ ಹಾಯುವ ದಿನ ನೋಡಿ. ಪ್ರದರ್ಶನವನ್ನು ಅಂದೇ ಇಟ್ಟುಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಎಲ್ಲರನ್ನೂ ಬಯಲಿಗೆ ಕರೆತನ್ನಿ, ದೀಪ ಆರಿಸಿ. ವಾಯವ್ಯದಿಂದಲೋ ನೈಋತ್ಯದಿಂದಲೋ ಮಿನುಗದ, ಒಂದೇ ಸಮನೆ ಬೆಳಗುವ ಚುಕ್ಕೆ ಏರಿ ಬರುತ್ತದೆ. ವಿಮಾನದಂತೆ ಕೆಂಪು ದೀಪವಿರುವುದಿಲ್ಲ, ಸದ್ದಿರುವುದಿಲ್ಲ. ಕೆಲವೇ ನಿಮಿಷ ಕಾಣುತ್ತದೆ. ಭೂಮಿಯ ನೆರಳಿಗೆ ಹೊಕ್ಕರೆ ಆಕಾಶದ ನಡುವೆಯೇ ಮಂಕಾಗಿ ಆರಿಹೋಗುತ್ತದೆ. ‘ಎಲ್ಲಿ ಹೋಯಿತು?’ ಎಂದು ಮಕ್ಕಳು ಕೂಗುತ್ತಾರೆ. ಹೋಗಿಲ್ಲ, ಅಲ್ಲೇ ಇದೆ, ಈಗ ಅವರಿಗೆ ರಾತ್ರಿಯಾಯಿತು ಎಂದು ಹೇಳಿ. ಸುಮಾರು ಒಂದೂವರೆ ಗಂಟೆಯಲ್ಲಿ ಅವರು ಇನ್ನೊಂದು ಸುತ್ತು ಮುಗಿಸಿರುತ್ತಾರೆ.